ಬಂದ ದಿನ, ಹೊರಟ ದಿನ

ಬೇರೆಯವರ ಅರ್ಜಿ ತುಂಬುವುದೆಂದರೆ ನನಗೆ ಹಬ್ಬ. ನಿವೃತ್ತ ಮೇಷ್ಟ್ರಿಗೆ ತಿದ್ದಲು ಇನ್ನೇನು ಉಳಿದಿರುತ್ತದೆ ಹೇಳಿ? ಆಂಡರ್ಸನ್‌ಪೇಟೆಯಲ್ಲಿ ನನ್ನ ಕನ್ನಡಕಕ್ಕೂ ಒಂದು ಗೌರವವಿದೆ. ಮೊನ್ನೆ ಅದು ಮಣ್ಣುಪಾಲಾಗುವುದರಲ್ಲಿತ್ತು.

ಬೂದಿಕೋಟೆಗೆ ಕೊಟ್ಟಿರುವ ತಂಗಿ ರತ್ನಮ್ಮ ಒಂದು ಅರ್ಜಿ ಹಿಡಿದು ಬಂದಳು. ಗಂಡ ನಾರಾಯಣಸ್ವಾಮಿ ದುಬೈಯಲ್ಲಿ ಡ್ರೈವರು. ಹೋದ ವರ್ಷ ರಜೆಗೆ ಬಂದವನು, ವೀಸಾ ತಡವಾಗಿ, ಸುಮಾರು ಆರು ತಿಂಗಳು ಊರಲ್ಲೇ ಇದ್ದು ಹೋದ. ಜಮೀನು ಅವನ ಹೆಸರಲ್ಲಿದೆ. ಸರ್ಕಾರ ರೈತರ ಖಾತೆಗೆ ಹಾಕುವ ಹಣದಲ್ಲೇ ಇವಳ ಹಸುವಿಗೆ ಬೂಸಾ. ಅನಿವಾಸಿಗಳಿಗೆ ಅದಿಲ್ಲ; ಅರ್ಜಿಯಲ್ಲಿ ಕೇಳಿದ್ದೂ ಅದನ್ನೇ, ನಿವಾಸಿಯೋ ಅನಿವಾಸಿಯೋ ಎಂದು. ವರ್ಷದಲ್ಲಿ ನೂರ ಎಂಬತ್ತೆರಡು ದಿನ ಇಲ್ಲಿದ್ದರೆ ತೆರಿಗೆಯವರ ಕಣ್ಣಿಗೆ ಅವನು ನಿವಾಸಿ. ಒಂದು ದಿನ ಕಡಿಮೆಯಾದರೂ ಅನಿವಾಸಿ.

ಪಾಸ್‌ಪೋರ್ಟಿನ ಮುದ್ರೆಗಳನ್ನು ಅವಳ ಮೊಬೈಲಿನಲ್ಲಿ ನೋಡಿ, ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದೆ. ನೂರ ಎಂಬತ್ತು! ಕನ್ನಡಕ ಒರೆಸಿಕೊಂಡು ಎಣಿಸಿದರೂ ಅಷ್ಟೇ.

"ಅಂಗಾದ್ರೆ ಅವ್ರು ನಮ್ಮೂರೋರು ಅಲ್ವಾ, ಅಣ್ಣ?" ರತ್ನಮ್ಮನ ಮುಖ ಬಾಡಿತು.

ನನಗೂ ಸಂಕಟವಾಯಿತು. ನಮ್ಮದರಂಥ ಚಿನ್ನದ ಗಣಿಯ ಊರಲ್ಲಿ ಯಾರನ್ನು ತಾನೇ ಊರಿನವರು ಎನ್ನುವುದು? ನಮ್ಮ ತಾತ ಮೂರು ತಿಂಗಳ ಕೂಲಿಗೆಂದು ಬಂದವರು. ಮೂರು ತಲೆಮಾರಾಯಿತು. ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಜಗಳ ಮಾತ್ರ ಕನ್ನಡದಲ್ಲಿ ಎಂದು ಬದುಕಿದ್ದೇವೆ. ನಮ್ಮ ದಿನಗಳನ್ನು ಯಾರೂ ಎಣಿಸಲಿಲ್ಲ.

ಅಷ್ಟರಲ್ಲಿ ರತ್ನಮ್ಮ ಚೀಲದಿಂದ ಹಾಲಿನ ಡೈರಿಯ ಪುಸ್ತಕ ತೆಗೆದಳು. "ಅವ್ರು ಮನೇಲಿದ್ರೆ ಡೈರಿಗೆ ಅರ್ಧ ಲೀಟ್ರು ಕಮ್ಮಿ ಓಗ್ತದೆ. ಅವ್ರ ಕಾಫಿಗೆ ಎತ್ತಿಡ್ತೀನಲ್ಲ! ನೋಡು, ಬಂದ ದಿನ ಸಾಯಂಕಾಲ ಕಮ್ಮಿ, ಓದ ದಿನ ಬೆಳಿಗ್ಗೆ ಕಮ್ಮಿ. ನಂಗೆ ನೂರ ಎಂಬತ್ತೆರಡು ಬತ್ತದೆ."

"ಬಂದ ದಿನ, ಹೊರಟ ದಿನ ಎಣಿಸಬಾರದಮ್ಮ," ಎಂದೆ ಗಂಭೀರವಾಗಿ. ನಮ್ಮ ಕಡೆ ನೆಂಟರನ್ನು ಉಳಿಸಿಕೊಳ್ಳುವ ಪದ್ಧತಿಯೇ ಅದು. ಆ ಎರಡು ದಿನವನ್ನು ಲೆಕ್ಕಕ್ಕೆ ಹಿಡಿದರೆ ಮರ್ಯಾದೆಯಲ್ಲ.

"ಅವ್ರೇನು ನೆಂಟ್ರಾ, ಅಣ್ಣ?"

ನನ್ನ ಮೇಷ್ಟ್ರುಗಿರಿ ಅಲ್ಲಿಗೆ ಮುಗಿಯಿತು. ಇಬ್ಬರೂ ಬಂಗಾರಪೇಟೆಯ ಆಡಿಟರ್ ಬಳಿ ಓಡಿದೆವು. ಅವರು ಪಾಸ್‌ಪೋರ್ಟಿನ ಪಟ ನೋಡಿ, "ಎರಡು ದಿನವೂ ಸೇರುತ್ತೆ, ಮೇಷ್ಟ್ರೇ," ಎಂದು ನಕ್ಕರು. ಇನ್ನು ದುಬೈ ಸಂಬಳವನ್ನೂ ಇಲ್ಲಿ ತೋರಿಸಬೇಕಂತೆ; ಆದರೆ ಅಷ್ಟಕ್ಕೆ ತೆರಿಗೆ ಬೀಳುವುದಿಲ್ಲವಂತೆ. ಹಿಗ್ಗಿ ಹೀರೇಕಾಯಿಯಾಗಿ 'ನಿವಾಸಿ' ಎಂಬಲ್ಲಿ ಗುರುತು ಹಾಕಿದೆ.

ಬಸ್‌ಸ್ಟ್ಯಾಂಡಿನಲ್ಲಿ ರತ್ನಮ್ಮ ದುಬೈಗೆ ಫೋನು ಮಾಡಿ ಕೂಗಿದಳು: "ನೀವು ನಮ್ಮೂರೋರೇ ಅಂತೆ ಕಣ್ರೀ!" ಬೂದಿಕೋಟೆ ಬಸ್ಸಿನವರೆಲ್ಲ ತಿರುಗಿ ನೋಡಿದರು. ಆಮೇಲೆ, ಎರಡು ದಿನ ಇದ್ದು ಹೋಗು ಎಂದು ನನ್ನನ್ನೂ ಬಸ್ಸು ಹತ್ತಿಸಿದಳು.

ನಾಲ್ಕು ದಿನ ಇದ್ದೆ. ನಾನು ನೆಂಟ ನೋಡಿ; ಬಂದ ದಿನ, ಹೊರಟ ದಿನ ಲೆಕ್ಕಕ್ಕಿಲ್ಲ.