ಕಟ್ಟೆಯಿಲ್ಲದ ದಾರಿಯಲ್ಲಿ ವೈದೇಹಿ

ವೈದೇಹಿಗೆ ಸೈಕಲ್ ಓಡಿಸಲು ಬರುತ್ತಿತ್ತು, ಹತ್ತಲು ಬರುತ್ತಿರಲಿಲ್ಲ. ಇಳಿಯಲೂ ಬರುತ್ತಿರಲಿಲ್ಲ. ಕೇಳಿದವರು ನಗುತ್ತಾರೆ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಬಾಡಿಗೆಗೆ ಸಿಗುತ್ತಿದ್ದ ಗಂಡಸರ ಸೈಕಲ್ಲಿನಲ್ಲಿ ಕಲಿತವಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ನಿಂತು ಸೀಟಿಗೆ ಏರುವುದು, ಓಣಿ ಸುತ್ತುವುದು, ಮತ್ತೆ ಅದೇ ಕಟ್ಟೆಗೆ ಕಾಲೂರಿ ಇಳಿಯುವುದು. ಒಂದು ಸಲ ಕಟ್ಟೆಯಿಲ್ಲದ ಕಡೆ ಇಳಿಯಲು ಹೋಗಿ ಕೈ ಮುರಿಯಿತು. ಅಲ್ಲಿಗೆ ಆ ವಿದ್ಯಾಭ್ಯಾಸ ಮುಗಿಯಿತು.

ಆ ಅರ್ಧ ವಿದ್ಯೆಯನ್ನೇ ಕಟ್ಟಿಕೊಂಡು ಅವಳು ಡಾಕ್ಟರ್ ಲಕ್ಷ್ಮೀಶರ ಕೈಹಿಡಿದು ಲಂಡನ್ನಿಗೆ ಬಂದಳು. ಅವರು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವವರು, ಮಾತು ಬಹಳ ಕಡಿಮೆ. ರೋಗಿಗಳು ಮಲಗುವುದು ಔಷಧಿಯಿಂದಲೋ ಇವರ ಮೌನದಿಂದಲೋ ಎಂದು ವೈದೇಹಿಯೇ ಎಲ್ಲರೆದುರು ಗೇಲಿ ಮಾಡುತ್ತಿದ್ದಳು. ನಾನು ಗ್ರೀನ್‌ಫರ್ಡಿನಲ್ಲಿ ಅವರ ಪಕ್ಕದ ಮನೆಯವಳು. ಹೆಸರು ಶ್ರೀಲತಾ, ಮೈಸೂರಿನವಳು, ಸೈಕಲ್ ಹತ್ತಲೂ ಇಳಿಯಲೂ ಬಲ್ಲವಳು.

ತೊಂಬತ್ತಾರರಲ್ಲಿ ವೈದೇಹಿಗೆ ಪಾರ್ಕ್ ರಾಯಲ್‌ನ ಒಂದು ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಉಪ್ಪು ಖಾರ ಸರಿಯಿದೆಯೇ ಎಂದು ರುಚಿ ನೋಡುವ ಕೆಲಸ. ಡ್ರೈವಿಂಗ್ ಟೆಸ್ಟಿನಲ್ಲಿ ಅವಳು ಮತ್ತೆ ಮತ್ತೆ ಫೇಲಾಗಿದ್ದಳು. ರೌಂಡಬೌಟ್ ಕಂಡ ಕೂಡಲೇ ಕಣ್ಣು ಮುಚ್ಚಿ ದೇವರ ಮೇಲೆ ಭಾರ ಹಾಕಿಬಿಡುತ್ತಿದ್ದಳು. ಬಸ್ಸು ಬದಲಿಸುತ್ತ ಹೋದರೆ ಅರ್ಧ ಬೆಳಗು ಕಳೆಯುತ್ತಿತ್ತು. ಆದರೆ ನಮ್ಮ ಬೀದಿಯ ಹಿಂದೆಯೇ ಕೆನಾಲು, ಅದರ ದಂಡೆಯುದ್ದಕ್ಕೂ ಪಾರ್ಕ್ ರಾಯಲ್‌ವರೆಗೆ ಜಲ್ಲಿಯ ಕಾಲುದಾರಿ. ಒಂದು ಕಾರೂ ಬರುವಂತಿಲ್ಲ. ಚಾರಿಟಿ ಅಂಗಡಿಯಲ್ಲಿ ಹಳೆ ಸೈಕಲ್ ಕೊಂಡಳು, ನನ್ನ ಕೈಲೂ ಒಂದು ಕೊಳ್ಳಿಸಿದಳು. ತಾನು ಬಾವಿಗೆ ಬೀಳುವಾಗ ಪಕ್ಕದ ಮನೆಯವಳನ್ನೂ ಎಳೆದುಕೊಳ್ಳುವುದು ಅವಳ ಸ್ವಭಾವ.

ಕಟ್ಟೆಯ ಗುಟ್ಟು ನನಗೆ ಮೊದಲ ದಿನವೇ ಗೊತ್ತಾಯಿತು.

"ಸೀಟು ಇಳಿಸಿಕೊಳ್ಳೇ, ಕಾಲು ನೆಲಕ್ಕೆ ಎಟುಕತ್ತೆ," ಅಂದೆ.

"ಇಳಿಸಿದ್ರ ಮೊಳಕಾಲು ಹೊಟ್ಟಿಗೆ ಬಡೀತಾವ. ನೀ ಸುಮ್ನಿರು. ಮನಿಯೊಳಗ ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಕಟ್ಟೆಗೆ ಸಮನಾದದ್ದಿದೆ ಎಂಬುದು ಅವಳಿಗೆ ಬಾಯಿಪಾಠವಾಯಿತು. ಸೇತುವೆಯ ಕಲ್ಲು, ಮುದುಕರು ಕೂರುವ ಬೆಂಚು, ದೋಣಿ ಕಟ್ಟುವ ಕಬ್ಬಿಣದ ಗೂಟ. ಒಮ್ಮೆ ನಿಂತಿದ್ದ ದೋಣಿಯ ಅಂಚಿಗೇ ಕಾಲೂರಿದಳು. ದೋಣಿ ಮೆಲ್ಲಗೆ ಆಚೆ ಸರಿಯಿತು, ಸೈಕಲ್ ಈಚೆ ಉಳಿಯಿತು, ವೈದೇಹಿ ನಡುವೆ. ದೋಣಿಯಾತ ಟೀ ಕಪ್ಪು ಹಿಡಿದೇ ಬಂದು ಅವಳ ರಟ್ಟೆ ಹಿಡಿದು ಎಳೆದುಕೊಂಡ. ಆ ಮೇಲೂ ಬುದ್ಧಿ ಬರಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಅವಳ ಮಗಳು ಮಾಳವಿಕಾ ಓದು ಮುಗಿಸಿ, ಕೆಲಸ ಹಿಡಿದು, ಗೆಳೆಯರೊಡನೆ ಸೈಕಲ್ ಹೊಡೆಯುವ ಹುಚ್ಚು ಹತ್ತಿಸಿಕೊಂಡಳು. ಎರಡು ಸಾವಿರದ ನಾಲ್ಕರ ವಸಂತದಲ್ಲಿ ಅವರೆಲ್ಲ ಸ್ಪೇನಿಗೆ ಹೊರಟರು. ಅಲ್ಲಿ ಉತ್ತರದಲ್ಲೊಂದು ಮರುಭೂಮಿ. ಮರಳಲ್ಲ, ಮಳೆ ಗಾಳಿ ಕೊರೆದ ಬೋಳು ಜೇಡಿಮಣ್ಣಿನ ಗುಡ್ಡಗಳು. ನಡುವೆ ಜಲ್ಲಿಯ ದಾರಿ. ಮಾಳವಿಕಾ ಅದರ ಫೋಟೋ ತೋರಿಸಿದಾಗ ವೈದೇಹಿ ಕೇಳಿದ್ದು ಒಂದೇ ಮಾತು.

"ಇಲ್ಲಿ ಕಾರು ಬರೂದಿಲ್ಲೇನ?"

"ನಾಟ್ ಒನ್, ಮಮ್."

"ಹಂಗಾದ್ರ ನಾನೂ ಬರ್ತೀನಿ. ಶ್ರೀಲತಾನೂ ಬರ್ತಾಳ."

ನನ್ನನ್ನು ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಮಾಳವಿಕಾ ತಲೆ ಚಚ್ಚಿಕೊಂಡಳು. "ಮಮ್, ಪ್ಲೀಸ್! ನಮ್ಮ ಲಗೇಜ್ ವ್ಯಾನ್ ಕೂಡ ಒಳಗೆ ಬರಲ್ಲ. ಇಫ್ ಯು ಸ್ಟಾಪ್, ನೋಬಡಿ ಕ್ಯಾನ್ ಪಿಕ್ ಯು ಅಪ್. ಡ್ಯಾಡ್ ಜೊತೆ ವ್ಯಾನಲ್ಲಿ ಬಾ."

ಆ ಸಂಜೆ ಕೆನಾಲಿನ ಬೆಂಚಿನ ಮೇಲೆ ವೈದೇಹಿ ನನ್ನ ಹತ್ತಿರ ಬಾಯಿಬಿಟ್ಟಳು. "ಈ ದೇಶಕ್ಕ ಬಂದಾಗಿಂದ ಯಾರರೆ ಕೂಡಿಸ್ಕೊಂಡು ಹೋಗ್ತಾರ, ಯಾರರೆ ಇಳಿಸ್ತಾರ. ನಂಗೀಗ ಐವತ್ತೆರಡು. ಒಂದ್ಸಲ ಒಂದ ದೊಡ್ಡ ದಾರಿ ನಾನಾಗೇ ಮುಟ್ಟಬೇಕು ನೋಡು. ವ್ಯಾನ್ ಒಳಗ ಕೂತು ಮುಟ್ಟಿದ್ರ ಇನ್ನ ಸೈಕಲ್ ಮುಟ್ಟಂಗಿಲ್ಲ." ಕಣ್ಣಲ್ಲಿ ನೀರಿತ್ತು. ನಾನು ತಮಾಷೆ ಮಾಡಲಿಲ್ಲ. ನನಗೂ ಅಳು ಬಂದಿತ್ತು.

ಅವಳ ಉಪಾಯ ಸರಳವಾಗಿತ್ತು. ವ್ಯಾನಿನ ಮೆಟ್ಟಿಲ ಮೇಲಿಂದ ಹತ್ತುವುದು. ಕೊನೆಯವರೆಗೂ ನಿಲ್ಲದಿರುವುದು. ಬಾಯಾರಿದರೆ ನಾನು ಪಕ್ಕದಲ್ಲೇ ಬಂದು ಬಾಟಲಿ ಕೊಡುವುದು. ಕೊನೆಯಲ್ಲಿ ಮತ್ತೆ ವ್ಯಾನಿನ ಮೆಟ್ಟಿಲಿಗೇ ಇಳಿಯುವುದು.

ಮಗಳು ಕೊನೆಗೂ ಮಣಿದಳು, ಹಾಗೇ ಹೊರಟೆವು. ಲಕ್ಷ್ಮೀಶರು ವ್ಯಾನ್ ತೆಗೆದುಕೊಂಡು ಡಾಂಬರು ರಸ್ತೆಯಲ್ಲಿ ಸುತ್ತುಹಾಕಿ ಆಚೆ ತುದಿಗೆ ಹೋದರು. ಎಲ್ಲಿ ನೋಡಿದರೂ ಹುತ್ತದಂಥ ಗುಡ್ಡಗಳು, ಮೇಲೆ ನೀಲಿ ಆಕಾಶ, ಮರವಿಲ್ಲ, ಮನೆಯಿಲ್ಲ, ಚಕ್ರದಡಿ ಜಲ್ಲಿಯ ಸದ್ದು ಮಾತ್ರ. ಹುಡುಗರು ಗುಡ್ಡಕ್ಕೊಂದು ಸಲ ಇಳಿದು ಫೋಟೋ ತೆಗೆಯುತ್ತಿದ್ದರು. ವೈದೇಹಿ ನಿಲ್ಲಲಿಲ್ಲ. ನಿಂತರೆ ತಾನೇ ಕಷ್ಟ! ಅವರನ್ನೆಲ್ಲ ದಾಟಿ ಮುಂದೆ ಹೋದಳು.

"ವಾವ್, ಮಮ್!" ಎಂದು ಮಾಳವಿಕಾ ಬಾಯಿ ತೆರೆದಳು. ಆಮೇಲೆ ಹುಡುಗರಿಗೆ ರೋಷ ಬಂದು, ನಮ್ಮಿಬ್ಬರನ್ನೂ ಹಿಂದೆ ಹಾಕಿ ಕಣ್ಮರೆಯಾದರು.

ಅರ್ಧ ದಾರಿ ಕಳೆದಿತ್ತು. ಒಂದು ಇಳಿಜಾರಿನಲ್ಲಿ ಸಡಿಲ ಜಲ್ಲಿಗೆ ನನ್ನ ಚಕ್ರ ಜಾರಿತು. ಹತ್ತಲೂ ಇಳಿಯಲೂ ಬಲ್ಲ ನಾನು ಮಕಾಡೆ ಬಿದ್ದೆ. ಮೊಳಕಾಲು ತರಚಿ ರಕ್ತ ಬಂತು. ವೈದೇಹಿ ಮುಂದಿದ್ದಳು. ನಾನು ಕೂಗಿದೆ. "ನಿಲ್ಲಬೇಡ ಕಣೇ! ನೀನು ಹೋಗು, ನಾನು ಹೇಗೋ ಬರ್ತೀನಿ!"

ನಿಂತರೆ ಅವಳ ಕತೆ ಮುಗಿಯಿತು. ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಅಗಲವಾಗಿ ಸುತ್ತು ಹೊಡೆದು ತಿರುಗಿ ಬಂದಳು. ಇಳಿಯಲು ಬಾರದವಳು ಸೈಕಲ್ಲನ್ನು ಕೈಬಿಟ್ಟು, ದಾರಿ ಬದಿಯ ಮೆತ್ತನೆಯ ಮಣ್ಣಿಗೆ ಉರುಳಿಕೊಂಡಳು. ಎದ್ದು ಬಂದು ನನ್ನ ಗಾಯ ತೊಳೆದಳು. ತನ್ನ ದುಪ್ಪಟ್ಟಾ ಹರಿದು ಕಟ್ಟಿದಳು. ಆಮೇಲೆ ಎದ್ದುನಿಂತು ಸುತ್ತ ನೋಡಿದಳು. ಒಂದು ಕಲ್ಲಿಲ್ಲ, ಗೂಟವಿಲ್ಲ, ಬೆಂಚಿಲ್ಲ. ಹತ್ತಿರದ ಗುಡ್ಡ ಮುಟ್ಟಿದರೆ ಪುಡಿಪುಡಿ.

"ನಾನು ಬಗ್ಗಿ ಕೂರ್ತೀನಿ, ನನ್ನ ಬೆನ್ನೇ ಕಟ್ಟೆ ಅಂದುಕೋ," ಅಂದೆ.

"ಹುಚ್ಚಿ! ಮೊಳಕಾಲು ಒಡಕೊಂಡು ಕೂತೀದಿ, ಬೆನ್ನೂ ಮುರ್ಕೋಬೇಕೇನ?"

"ಹಾಗಾದ್ರೆ ನಾನು ಹೇಳಿದ್ದು ಕೇಳು. ಎಡಗಾಲು ಪೆಡಲ್ ಮೇಲೆ. ಬಲಗಾಲಲ್ಲಿ ಕುಂಟೆಬಿಲ್ಲೆ ಆಡಿದ ಹಾಗೆ ನೆಲ ಒತ್ತು. ಸೈಕಲ್ ಓಡಿದ ಮೇಲೆ ಕಾಲು ಆಚೆ ಹಾಕು. ಅಷ್ಟೇ ಕಣೇ."

ಮೊದಲ ಸಲ ಸೈಕಲ್ ಅವಳ ಮೇಲೆ ಬಿತ್ತು. ಎರಡನೇ ಸಲ ಅವಳು ಸೈಕಲ್ ಮೇಲೆ ಬಿದ್ದಳು. ಮುರಿದ ಕೈಯ ನೆನಪಾಯಿತೋ ಏನೋ, ಮುಖ ಬಿಳಿಚಿಕೊಂಡಿತು. ನನಗೆ ಭಯವಾಯಿತು. ನಡೆದೇ ಹೋಗೋಣ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅವಳಿಗೆ ಸಿಟ್ಟು ಬಂತು. ಧಾರವಾಡದ ಸಿಟ್ಟು. ಹಲ್ಲು ಕಚ್ಚಿ ಸೈಕಲ್ಲಿಗೆ ಏನೋ ಬೈದಳು, ಅದನ್ನು ಇಲ್ಲಿ ಬರೆಯುವಂತಿಲ್ಲ. ಎಡಗಾಲು ಪೆಡಲ್ಲಿಗೆ ಇಟ್ಟು ಕುಂಟಿದಳು, ಮತ್ತೆ ಕುಂಟಿದಳು, ಇಳಿಜಾರು ಅವಳನ್ನು ಎಳೆದುಕೊಂಡಿತು, ಬಲಗಾಲು ಆಚೆ ಹೋಯಿತು. ಸೀಟಿನ ಮೇಲೆ ಕೂತಿದ್ದಳು!

"ಶ್ರೀಲತಾ, ಹತ್ತಿದೆ! ಖರೇನೇ ಹತ್ತಿದೆ ನೋಡು!" ಎಂದು ಕೂಗುತ್ತ ನನ್ನ ಸುತ್ತ ಸುತ್ತಿದಳು. ಹತ್ತಿದಷ್ಟಕ್ಕೆ ತೃಪ್ತಿಯಿಲ್ಲ. ಅದೇ ಕುಂಟಾಟವನ್ನು ತಿರುಗಿಸಿ ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ನಾನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮರುಭೂಮಿಯಲ್ಲಿ ಕೂತಿದ್ದೇನೆ, ಇವಳಿಗೆ ಆಟ. ಬೈಯಬೇಕೆಂದುಕೊಂಡವಳು ಚಪ್ಪಾಳೆ ತಟ್ಟುತ್ತಿದ್ದೆ.

ನಿಧಾನವಾಗಿ ಇಬ್ಬರೂ ಕೊನೆ ಮುಟ್ಟಿದೆವು. ಹುಡುಗರೆಲ್ಲ ವ್ಯಾನಿನ ಹತ್ತಿರ ನಿಂತಿದ್ದರು. ಮಾಳವಿಕಾ ಗಾಬರಿಯಿಂದ ಎದುರು ಓಡಿ ಬಂದಳು. ದಾರಿಯ ಅಂಚಿನಲ್ಲಿ ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿತ್ತು. ಪಕ್ಕದಲ್ಲಿ ಲಕ್ಷ್ಮೀಶರು, ಒಂದು ಕಾಲಲ್ಲಿ ಅದನ್ನು ಅಲುಗದಂತೆ ಒತ್ತಿಕೊಂಡು, ಏನೂ ಗೊತ್ತಿಲ್ಲದವರಂತೆ ಗುಡ್ಡ ನೋಡುತ್ತ ನಿಂತಿದ್ದರು.

ನಾನು ದಂಗಾದೆ. ಆ ಮಹಾಮೌನಿಗೆ ಇಷ್ಟು ವರ್ಷವೂ ಗೊತ್ತಿತ್ತು!

ವೈದೇಹಿ ಪೆಟ್ಟಿಗೆ ನೋಡಿದಳು, ಗಂಡನ ಮುಖ ನೋಡಿದಳು, ಪೆಡಲ್ ತುಳಿದು ಪೆಟ್ಟಿಗೆ ದಾಟಿ ಮುಂದೆ ಹೋದಳು. ಎಲ್ಲರೆದುರು, ಬಟ್ಟಬಯಲಿನಲ್ಲಿ, ಬಲಗಾಲು ಈಚೆ ತಂದು ಬರಿ ನೆಲಕ್ಕೆ ಇಳಿದಳು. ಹುಡುಗರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಲಕ್ಷ್ಮೀಶರ ಕಣ್ಣು ಮಾತ್ರ ತುಂಬಿಬಂತು.

"ಯಾವಾಗ ಕಲ್ತಿ?" ಎಂದರು.

"ಈಗ, ದಾರಿಯೊಳಗ," ಎಂದಳು. ಸೈಕಲ್ಲನ್ನು ಅವರ ಕೈಗೆ ಕೊಟ್ಟು ತಿರುಗಿ ಬಂದು ಆ ಪೆಟ್ಟಿಗೆಯ ಮೇಲೆ ಆರಾಮಾಗಿ ಕೂತಳು. ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಮಡಿಲಲ್ಲಿ ಬಿಚ್ಚಿ, ಪಕ್ಕಕ್ಕೆ ಸರಿದು ಗಂಡನಿಗೂ ಜಾಗ ಮಾಡಿದಳು.

"ಬರ್ರಿ, ಕೂಡ್ರಿ. ಕಟ್ಟಿ ಇರೂದು ಕೂಡ್ಲಿಕ್ಕೆ."