ಪೆಡಲ್ ಮೇಲೆ ನನ್ನ ಕಾಲು, ಕೆಳಗೆ ಮಾವ

ನಮ್ಮ ಮಾವನನ್ನು ಹೆಸರು ಹಿಡಿದು ಕರೆಯುವವರನ್ನು ನಾನು ಈ ಬೀದಿಯಲ್ಲಿ ಕಂಡಿಲ್ಲ. ಎಲ್ಲರಿಗೂ ಅವರು ಕ್ಲಚ್ ಮೇಸ್ತ್ರಿ. ನಲವತ್ತೊಂದು ವರ್ಷ ಒಂದೇ ಗ್ಯಾರೇಜಿನಲ್ಲಿ, ಕಾರುಗಳ ಹೊಟ್ಟೆಯಡಿ ಅಂಗಾತ ಮಲಗಿ ದುಡಿದವರು. ಗಾಡಿ ತಿರುವಿನಲ್ಲಿ ಬರುತ್ತಿರುವಾಗಲೇ ಸದ್ದು ಕೇಳಿ, ಕ್ಲಚ್ಚಿನ ಪ್ಲೇಟು ಸವೆದಿದೆಯೋ ಓಡಿಸುವವನ ಕಾಲು ಸರಿಯಿಲ್ಲವೋ ಹೇಳಿಬಿಡುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ನನ್ನ ಪಕ್ಕ ಕೂತು ನನ್ನ ಡ್ರೈವಿಂಗ್ ನೋಡಿ, "ಅಲ್ಲಮ್ಮಾ, ಗೇರ್ ಹಾಕಿ ಆದಮೇಲೂ ಕ್ಲಚ್ ಮೇಲಿಂದ ಕಾಲು ತೆಗೆಯಲ್ವಲ್ಲ ನೀನು. ಯಾವಾಗ ಏನಾಗತ್ತೋ ಅಂತ ಕಾಯ್ತಾ ಇರ್ತೀಯಾ?" ಅಂದಿದ್ದರು. ನಿಜ. ನನ್ನ ಸ್ವಭಾವವೇ ಅದು.

ಈ ಸಲ ನಾನು ಎಣಿಸುತ್ತಿದ್ದದ್ದು ಸೋಮವಾರಕ್ಕೆ ಉಳಿದ ದಿನಗಳನ್ನು. ಮಗಳಿಗೆ ಎರಡು ತುಂಬುತ್ತಿತ್ತು, ನನ್ನ ರಜೆ ಮುಗಿದಿತ್ತು, ಲ್ಯಾಬಿನ ಕೆಲಸಕ್ಕೆ ವಾಪಸ್ ಹೋಗಬೇಕಿತ್ತು. ಗಂಡ ಬೆಳಗ್ಗೆ ಆರಕ್ಕೇ ಫ್ಯಾಕ್ಟರಿಗೆ ಹೊರಡುತ್ತಾನೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಹಗಲೆಲ್ಲ ಮಗುವನ್ನು ನೋಡಿಕೊಳ್ಳಲು ಇದ್ದವರು ಮಾವ ಒಬ್ಬರೇ. ಆದರೆ ಹಿಂದಿನ ತಿಂಗಳು ಅವರು ಅವಳಿಗೆ ಊಟ ಮಾಡಿಸಿ, ತಟ್ಟೆ ತೊಳೆದಿಟ್ಟು, ಅರ್ಧ ಗಂಟೆ ಕಳೆಯುವುದರೊಳಗೆ ಮತ್ತೆ ಅಷ್ಟೇ ಊಟ ತಿನ್ನಿಸಿದ್ದರು. ಮಗು ವಾಂತಿ ಮಾಡಿಕೊಂಡಳು.

"ಅಜ್ಜಂದಿರು ಎಲ್ಲಾ ಹಾಗೇ ತುರುಕ್ತಾರೆ ಕಣೇ," ಅಂದ ಗಂಡ.

"ಮೊದಲೇ ತಿನ್ನಿಸಿದ್ದು ಅವರಿಗೆ ಮರೆತೇ ಹೋಗಿತ್ತು."

"ನಿನಗೆ ನೆರಳು ಕಂಡ್ರೂ ಅನುಮಾನ. ಅಪ್ಪಂಗೆ ಏನೂ ಆಗಿಲ್ಲ."

ಗ್ಯಾರೇಜು ಮುಚ್ಚಿದ ದಿನ ಮಾಲೀಕ ಮಾವನಿಗೆ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಕೊಟ್ಟು ಹೋಗಿದ್ದ. ಎರಡೇ ಸೀಟು, ಒಳಗೆ ಕೂತರೆ ನೆಲದ ಮೇಲೇ ಕೂತ ಹಾಗೆ. ಆರು ವರ್ಷದಿಂದ ಮನೆಯ ಪಕ್ಕದ ಶೆಡ್ಡಿನಲ್ಲಿ ಅದನ್ನು ಬಿಚ್ಚುತ್ತ ಜೋಡಿಸುತ್ತ ಬಂದಿದ್ದರು. ಕ್ಲಚ್ ಒಂದು ಉಳಿದಿತ್ತು. ಆ ಕಾರಿನ ಕ್ಲಚ್ ನಡೆಯುವುದು ಎಣ್ಣೆಯ ಒತ್ತಡದಿಂದ. ಕೊಳವೆಯೊಳಗೆ ಗಾಳಿ ಸೇರಿಕೊಂಡರೆ ಪೆಡಲು ಜೀವವಿಲ್ಲದ ಹಾಗೆ ನೆಲಕ್ಕೆ ಬಿದ್ದುಬಿಡುತ್ತದೆ. ಗಾಳಿ ತೆಗೆಯಲು ಇಬ್ಬರು ಬೇಕು: ಮೇಲೆ ಪೆಡಲು ತುಳಿಯಲು ಒಬ್ಬರು, ಕೆಳಗೆ ಮಲಗಿ ಕೊಳವೆಯ ತುದಿಯ ತಿರುಪನ್ನು, ಅಂದರೆ ನಿಪ್ಪಲ್ಲನ್ನು, ತೆರೆದು ಮುಚ್ಚಲು ಇನ್ನೊಬ್ಬರು. ಮುಂಚೆ ಅತ್ತೆ ತುಳಿಯುತ್ತಿದ್ದರು. ಭಾನುವಾರ ಬೆಳಗ್ಗೆ, ಗಂಡ ಓವರ್‌ಟೈಮಿಗೆ ಹೋದ ಮೇಲೆ, ಮಗುವನ್ನು ಮಲಗಿಸಿ ಬಂದು, "ಮಾವಾ, ನಾನು ತುಳೀತೀನಿ," ಎಂದೆ. ನಲವತ್ತೊಂದು ವರ್ಷದ ಕೆಲಸ ಇನ್ನೂ ಅವರ ಕೈಯಲ್ಲಿದೆಯೇ ಎಂದು ನನಗೆ ನೋಡಬೇಕಿತ್ತು. ಇದ್ದರೆ ಮಗುವನ್ನೂ ಅವರ ಕೈಗೆ ಬಿಟ್ಟು ಹೋಗಬಹುದು.

ಹೊರಬರುವ ಎಣ್ಣೆ ಹಿಡಿಯಲು ಅವರು ತಂದ ಬಾಟಲಿ ನೋಡಿ ಕೂಗಿಕೊಂಡೆ.

"ಮಾವಾ, ಅದು ಪುಟ್ಟೀದು! ಹಾಲಿನ ಬಾಟಲಿ!"

"ಗೊತ್ತಮ್ಮಾ. ನೀನೇ ಬಿಸಾಕಿದ್ದೆ. ಇಲ್ಲಿ ನೋಡು."

ಬಾಟಲಿಯ ಎರಡೂ ಕಡೆ ಕೆಂಪು ಬಣ್ಣದಲ್ಲಿ 'ವಿಷ' ಎಂದು ಬರೆದಿತ್ತು. ಅದನ್ನು ತೂಗುಹಾಕಲು ಗೋಡೆಗೆ ಮೊಳೆಯನ್ನೂ ಹೊಡೆದಿದ್ದರು. ಮಗುವಿಗಿರಲಿ, ನನಗೂ ಎಟುಕದಷ್ಟು ಎತ್ತರದಲ್ಲಿ. ನನಗೇ ನಾಚಿಕೆಯಾಯಿತು.

"ಕೇಳಿಸ್ಕೋ. ನಾನು ತುಳಿ ಅಂದ್ರೆ, ತುಳಿದು, ತುಳಿದೆ ಅನ್ನಬೇಕು. ನಾನು ನಿಪ್ಪಲ್ ತೆರೀತೀನಿ, ಪೆಡಲ್ ಕೆಳಗೆ ಹೋಗತ್ತೆ. ಹಾಗೇ ಹಿಡ್ಕೋ. ನಾನು ಅದನ್ನ ಮುಚ್ಚಿ ಬಿಡು ಅನ್ನೋವರೆಗೆ ಮನೆಗೆ ಬೆಂಕಿ ಬಿದ್ರೂ ಬಿಡಬಾರದು. ಬಿಟ್ರೆ ಗಾಳಿ ವಾಪಸ್ ಒಳಗೆ."

"ಆ ನಿಪ್ಪಲ್ ಯಾವ ಕಡೆ ತಿರುಗಿಸಿದ್ರೆ ಮುಚ್ಚತ್ತೆ?"

"ಬಲಕ್ಕೆ. ಗಡಿಯಾರದ ಮುಳ್ಳು ತಿರುಗೋ ಕಡೆ. ನಿನಗ್ಯಾಕದು, ನನ್ನ ಕೆಲಸಕ್ಕೇ ಕಣ್ಣು ಹಾಕಿದ್ಯಾ?"

ಶುರುವಾಯಿತು. "ತುಳಿ." "ತುಳಿದೆ." ಪೆಡಲು ಕಾಲಡಿ ಮೆಲ್ಲಗೆ ಮುಳುಗುತ್ತದೆ. "ಬಿಡು."

"ಇರುವೆ ಸಾಯಬಾರದು ಅಂತ ತುಳೀತಿದ್ದೀಯೇನಮ್ಮಾ? ನಿಮ್ಮತ್ತೆ ತುಳಿದ್ರೆ ಕಾರೇ ಅಲ್ಲಾಡ್ತಿತ್ತು."

"ನಿಮ್ಮ ಮೇಲಿನ ಸಿಟ್ಟೆಲ್ಲ ಅದರ ಮೇಲೆ ತೀರಿಸ್ಕೊಳ್ತಿದ್ರೇನೋ."

ಕಾರಿನಡಿಯಿಂದ ನಗು ಕೇಳಿಸಿತು. ಎಂಟು ಸಲಕ್ಕೊಮ್ಮೆ ಹೊರಗೆ ಬಂದು, ಬಾನೆಟ್ಟಿನಡಿಯ ಎಣ್ಣೆ ಡಬ್ಬಿ ತುಂಬಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಡಬ್ಬಿ ಬರಿದಾದರೆ ಮತ್ತೆ ಮೊದಲಿನಿಂದ ಮಾಡಬೇಕು. ಮೂರು ಗೆರೆಗಳಾದವು, ಒಂದೂ ತಪ್ಪಲಿಲ್ಲ. ಪೆಡಲು ಕಾಲಿಗೆ ಗಟ್ಟಿ ತಾಗತೊಡಗಿತು. ಗಂಡ ಹೇಳಿದ್ದೇ ಸರಿ ಎಂದುಕೊಂಡು ನಾನು ಮನಸ್ಸಿನಲ್ಲೇ ನಾಳೆಯ ಚೀಲ ಜೋಡಿಸುತ್ತಿದ್ದೆ.

"ಇನ್ನೊಂದೇ ಸಲ. ತುಳಿ."

"ತುಳಿದೆ."

ಪೆಡಲು ಇಳಿದು ನೆಲ ಮುಟ್ಟಿತು. ಕಾದೆ. 'ಬಿಡು' ಬರಲಿಲ್ಲ.

"ಹಿಡ್ಕೊಂಡಿದೀನಿ ಮಾವಾ."

ಸದ್ದಿಲ್ಲ. ಅಷ್ಟರಲ್ಲಿ ಒಳಗೆ ಮಗಳು ಎದ್ದು ಅಳತೊಡಗಿದಳು. ಮಂಚದ ಅಂಚಿಗೆ ದಿಂಬು ಒಟ್ಟಿ ಬಂದಿದ್ದೆ. "ಮಾವಾ, ಬಿಡಲಾ?" ಅಳು ಜೋರಾಯಿತು. ಏನೋ ದಪ್ಪೆಂದು ಬಿದ್ದಿತು. ಅಳುವೂ ನಿಂತಿತು. ಆಗಲೂ ನಾನು ಪೆಡಲು ಹಿಡಿದೇ ಇದ್ದೆ. ಎಷ್ಟು ಹೊತ್ತೆಂದು ಹೇಳಲಾರೆ, ಆದರೆ ಹಿಡಿದಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಕಾಲು ಕಿತ್ತು ಓಡಿದೆ. ಮಗು ದಿಂಬಿನ ಸಮೇತ ಕೆಳಗೆ ಬಿದ್ದು, ಬಾಯಿ ತೆರೆದು, ಉಸಿರು ಹೊರಡದೆ ನೀಲಿಯಾಗುತ್ತಿದ್ದಳು. ಎತ್ತಿಕೊಂಡ ಕೂಡಲೇ ಕಿರುಚಿದಳು. ಹಣೆ ಊದಿತ್ತು. ಅವಳನ್ನು ಸೊಂಟದ ಮೇಲೆ ಹೊತ್ತು ಶೆಡ್ಡಿಗೆ ಬಂದು ಬಗ್ಗಿ ನೋಡಿದೆ. ಮಾವ ಹೋಗಿಬಿಟ್ಟಿದ್ದಾರೆ ಎಂದೇ ಅಂದುಕೊಂಡಿದ್ದೆ.

ಅವರ ಕಣ್ಣು ತೆರೆದಿತ್ತು. ಸ್ಪ್ಯಾನರ್ ನಿಪ್ಪಲ್ ಮೇಲೇ ಇತ್ತು. ಎಣ್ಣೆ ಮುಂಗೈಯಿಂದ ಮೊಣಕೈಗೆ ಇಳಿಯುತ್ತಿತ್ತು.

"ಯಾವ ಕಡೆಗಮ್ಮಾ?" ಎಂದರು.

"ಏನು ಮಾವಾ?"

"ಮುಚ್ಚೋದು. ಯಾವ ಕಡೆಗೆ?"

"ಬಲಕ್ಕೆ. ಗಡಿಯಾರದ ಮುಳ್ಳು ತಿರುಗೋ ಕಡೆ. ನೀವೇ ಹೇಳಿದ್ರಲ್ಲ."

"ನಾನಾ?" ಎಂದರು. ತಿರುಗಿಸಿದರು.

ಹೊರಗೆ ಬಂದು ಗೋಡೆಗೆ ಒರಗಿ ಕೂತು, ಹಳೆಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಮಗುವಿನ ಹಣೆ ನೋಡಿದರು.

"ಅತ್ತಿದ್ದು ಕೇಳಿಸ್ತು. ಯಾರ ಮಗು ಅಂತ ಯೋಚಿಸ್ತಾ ಇದ್ದೆ."

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡೆ.

"ಇವತ್ತು ಒಂದಿನ ಅಲ್ಲಮ್ಮಾ. ಆ ಬಾಟಲಿ ಮೇಲೆ ಬರೆದಿದ್ದು ಪುಟ್ಟಿಗೋಸ್ಕರ ಅಂದ್ಕೊಂಡ್ಯಾ? ಅವಳಿಗೆ ಓದೋಕೆ ಬರತ್ತಾ? ನನಗೋಸ್ಕರ ಬರ್ಕೊಂಡಿದ್ದು." ಬಟ್ಟೆ ಮಡಚಿದರು. "ನೀನು ನನ್ನ ಪರೀಕ್ಷೆ ಮಾಡೋಕೇ ಬಂದಿದ್ದೆ. ನನಗೂ ಗೊತ್ತಾಗಬೇಕಿತ್ತು, ಅದಕ್ಕೇ ಒಪ್ಕೊಂಡೆ. ನಾಳೆಯಿಂದ ಇವಳನ್ನ ನನ್ನ ಹತ್ರ ಬಿಡಬೇಡ."

ಛೇ, ಹಾಗನ್ನಬೇಡಿ ಎನ್ನಬೇಕಿತ್ತು. ನಾನು, "ಆಯ್ತು ಮಾವಾ," ಎಂದೆ.

ಸೋಮವಾರ ಲ್ಯಾಬಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ನಡೆದದ್ದನ್ನು ಹೇಳಿದರೆ ಗಂಡ ನಂಬದೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕಾರನ್ನು ಎತ್ತಿ ನಿಲ್ಲಿಸಿದ್ದ ಸ್ಟ್ಯಾಂಡಿನಿಂದ ಇಳಿಸಿ, ಕ್ಲಚ್ ಪೆಡಲನ್ನು ಒಮ್ಮೆ ಕೈಯಲ್ಲಿ ಒತ್ತಿ ನೋಡಿದ. ಅದು ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು. ಅದನ್ನು ನೋಡುತ್ತ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದ.

ಈಗ ಮಾವ ಬೆಳಗ್ಗೆ ಹೋಗಿ ಆ ಕಾರಿನೊಳಗೆ ಕೂರುತ್ತಾರೆ. ಪುಟ್ಟಿ ಪಕ್ಕದ ಸೀಟಿಗೆ ಹಟ ಮಾಡುತ್ತಾಳೆ, ಕೂರಿಸುತ್ತೇನೆ. ನಾನು ಶೆಡ್ಡಿನ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತೇನೆ. ಅವರು ನನ್ನ ಕಡೆ ತಿರುಗುವುದಿಲ್ಲ. ಆಗಾಗ ಮುಂದಿನ ಗಾಜನ್ನೇ ನೋಡುತ್ತ ಕೇಳುತ್ತಾರೆ:

"ಇದ್ದೀಯೇನಮ್ಮಾ?"

"ಇದ್ದೀನಿ ಮಾವಾ."