ಎರಡೂವರೆ ಅಡಿ

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹುಟ್ಟಿ ಬೆಳೆದ ನಮ್ಮ ಮನೆ ಇದ್ದದ್ದು ಕೊಡಿಯಾಲ್‌ಬೈಲಿನ ಪಕ್ಕದ ಗುಡ್ಡೆಯ ಮೇಲೆ. ಏರುದಾರಿ ಮುಗಿದಲ್ಲಿ ಮೊದಲು ಸಿಗುವ ಗೇಟೇ ನಮ್ಮದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಏನು ಕಂಡರೂ ಅಳೆಯಬೇಕು, ಯಾರು ಸಿಕ್ಕಿದರೂ ಪ್ರಶ್ನೆ ಕೇಳಬೇಕು ಎನ್ನುವ ಚಟ ನನಗೆ. ಪೇಟೆಯಲ್ಲಿ ಹೋಟೆಲು ಇಟ್ಟಿದ್ದ ನಮ್ಮ ತಂದೆ ಅಷ್ಟು ಬೆಳಿಗ್ಗೆ ಮನೆ ಬಿಡುವುದು ಗಿರಾಕಿಗಳಿಗಾಗಿ ಅಲ್ಲ, ಅಕ್ಕನ ಪ್ರಶ್ನೆಗಳಿಗೆ ಹೆದರಿ ಎಂದು ತಮ್ಮ ಗೇಲಿ ಮಾಡುತ್ತಿದ್ದ.

ತಂದೆ ತಪ್ಪಿಸಿಕೊಂಡರೂ, ನಮ್ಮ ಗುಡ್ಡೆಗೆ ಮೀನು ತರುತ್ತಿದ್ದ ಒಬ್ಬರು, ಎಲ್ಲರ ಬಾಯಲ್ಲಿ 'ಮೀನಿನವರು', ತಪ್ಪಿಸಿಕೊಳ್ಳುವಂತಿರಲಿಲ್ಲ. ದೋಣಿಗಳು ಬಂದು ನಿಲ್ಲುವ ಬಂದರಿನ ದಕ್ಕೆಯಲ್ಲಿ ಮೀನು ಕೊಂಡು, ಸೈಕಲಿನ ಕ್ಯಾರಿಯರಿಗೆ ದೊಡ್ಡ ಬುಟ್ಟಿ ಕಟ್ಟಿ, ರಬ್ಬರ್ ಹಾರ್ನ್ ಒತ್ತುತ್ತಾ ಅವರು ಗುಡ್ಡೆ ಹತ್ತಿ ಬರುವ ಹೊತ್ತಿಗೆ ನಾನು ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಬೂತಾಯಿ ಮೀನು ಯಾವ ಗಾಳಿಗೆ ದಡಕ್ಕೆ ಬರುತ್ತದೆ? ಬಂಗುಡೆಯ ಕಣ್ಣು ಕೆಂಪಾದರೆ ಹಳತೆಂದು ಯಾಕೆ ಹೇಳುವುದು? ಒಂಬತ್ತು ವರ್ಷ ಕೇಳಿದ್ದೇನೆ. ಅವರು ಸೈಕಲಿಗೆ ಒರಗಿ ನಿಂತು 'ಹೌದು', 'ಅಲ್ಲ', 'ನೋಡ್ಬೇಕು' ಎಂದಷ್ಟೇ ಹೇಳುತ್ತಿದ್ದರು. ಮಾತು ಕಡಿಮೆಯಾದರೂ ನನ್ನ ಪ್ರಶ್ನೆಗಳು ಅವರಿಗೆ ಇಷ್ಟ, ಅದಕ್ಕೇ ನಮ್ಮ ಗೇಟಿನಲ್ಲಿ ಅಷ್ಟು ಹೊತ್ತು ನಿಲ್ಲುತ್ತಾರೆ ಎಂದು ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ಏರಿನ ನಡುವೆ ಬಸ್ಸೊಂದು ಅವರ ಬುಟ್ಟಿಗೆ ಉಜ್ಜಿಕೊಂಡು ಹೋಯಿತು. ಬೂತಾಯಿ ರಸ್ತೆ ತುಂಬಾ ಚೆಲ್ಲಿತು. ಅವರಿಗೆ ಏನೂ ಆಗಲಿಲ್ಲ, ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಅದೇ ತಿಂಗಳು ಮುನಿಸಿಪಾಲಿಟಿಯವರು, ರಸ್ತೆಯ ವಿಷಯದಲ್ಲಿ ಸಾರ್ವಜನಿಕರು ಸಲಹೆ ಕೊಡಬಹುದು ಎಂಬ ನೋಟೀಸನ್ನು ಶಾಲೆಯ ಗೋಡೆಗೆ ಅಂಟಿಸಿದ್ದರು. ಏರಿನಲ್ಲಿ ರಸ್ತೆಯ ಅಂಚಿಗೆ ಸೈಕಲಿಗೆಂದೇ ಒಂದು ಪಟ್ಟಿ ಜಾಗ ಬೇಕು ಎಂದು ನಾನು ಅರ್ಜಿ ಬರೆದೆ. ಎಷ್ಟು ಅಗಲ? ಅದನ್ನು ಅಂದಾಜಿನಲ್ಲಿ ಬರೆಯುವ ಜಾತಿ ನಾನಲ್ಲ. ತಮ್ಮನ ಸೈಕಲ್ ನಿಲ್ಲಿಸಿ, ಕ್ಯಾರಿಯರಿನ ಮೇಲೆ ಬತ್ತದ ಬುಟ್ಟಿ ಇಟ್ಟು, ಟೇಪು ಹಿಡಿದೆ. ಎರಡು ಅಡಿ ನಾಲ್ಕು ಇಂಚು. ಧಾರಾಳವಾಗಿ ಎರಡೂವರೆ ಅಡಿ ಎಂದು ಬರೆದು, ಗುಡ್ಡೆಯ ಮನೆಮನೆಗೂ ಹೋಗಿ ಸಹಿ ಹಾಕಿಸಿದೆ.

ಅರ್ಜಿಗೆ ಬೆಲೆ ಬಂತು. ಘಟ್ಟದ ಮೇಲಿನಿಂದ ವರ್ಗವಾಗಿ ಬಂದಿದ್ದ ಇಂಜಿನಿಯರು, ಇಂಚಿನ ಲೆಕ್ಕ ಕೊಟ್ಟು ಸಲಹೆ ಬರೆದವರು ನೀವೊಬ್ಬರೇ ಎಂದು ಹೊಗಳಿದರು. ಚರಂಡಿಯ ಅಂಚಿನಿಂದ ಎರಡೂವರೆ ಅಡಿ ಬಿಟ್ಟು ಸುಣ್ಣದ ಗೆರೆ ಎಳೆಸಿದರು. ಹೇರಿದ ಸೈಕಲು ಗೆರೆಯೊಳಗೇ ಹೋಗಬೇಕು, ದಾಟಿದರೆ ಪೊಲೀಸರು ನಿಲ್ಲಿಸುತ್ತಾರೆ. ಒಂದು ವಾರ ಹೀಗೆ ನೋಡಿ, ಜನರ ಸಭೆ ಕರೆದು, ಆಮೇಲೆ ಖಾಯಂ ಮಾಡುವುದು ಎಂದಾಯಿತು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಮೂರನೆಯ ದಿನ ಗಮನಕ್ಕೆ ಬಂತು, ಹಾರ್ನ್ ಕೇಳುತ್ತಿಲ್ಲ. ಜ್ವರವೋ ಏನೋ ಎಂದುಕೊಂಡೆ. ಶಾಲೆಗೆ ರಜೆಯಿದ್ದ ದಿನ ಇಳಿದು ಹೋಗಿ ನೋಡಿದರೆ, ಮೀನಿನವರು ಗುಡ್ಡೆಯ ಬುಡದಲ್ಲಿ ಸೈಕಲ್ ನಿಲ್ಲಿಸಿಕೊಂಡು ಕೂತಿದ್ದಾರೆ. ಹತ್ತು ಗಂಟೆ ದಾಟಿತ್ತು, ಬುಟ್ಟಿ ಅರ್ಧವೂ ಖಾಲಿಯಾಗಿರಲಿಲ್ಲ.

"ಎಂತ ಅಣ್ಣ ಇದು? ನಿಮಗೋಸ್ಕರ ಗೆರೆ ಹಾಕಿಸಿದ್ರೆ ನೀವೇ ಬರುವುದಿಲ್ವಾ?" ಎಂದು ಜೋರು ಮಾಡಿದೆ.

ಅವರು ಎದ್ದು ಹ್ಯಾಂಡಲನ್ನು ನನ್ನ ಕಡೆ ತಿರುಗಿಸಿದರು. "ನೀವೊಮ್ಮೆ ನೂಕಿ ನೋಡಿ ಟೀಚರೇ."

ಆ ಏರನ್ನು ಯಾರೂ ಸೈಕಲ್ ತುಳಿದು ಹತ್ತುವುದಿಲ್ಲ. ಇಳಿದು ನೂಕುವುದೇ. ಹುಟ್ಟಿದಂದಿನಿಂದ ನೋಡುತ್ತಾ ಬಂದ ಸಂಗತಿ ಇದು. ಸೀರೆಯ ಸೆರಗು ಸಿಕ್ಕಿಸಿ, ಸೈಕಲಿನ ಎಡಕ್ಕೆ ನಿಂತು ಗೆರೆಯೊಳಗೇ ನೂಕಿದೆ. ಹತ್ತು ಹೆಜ್ಜೆ ಹೋಗಿಲ್ಲ, ಎಡಗಾಲು ಚರಂಡಿಗೆ ಇಳಿಯಿತು. ಬುಟ್ಟಿ ವಾಲಿತು. ಅವರು ಹಿಂದಿನಿಂದ ಹಿಡಿಯದಿದ್ದರೆ ಬೂತಾಯಿ ಮತ್ತೊಮ್ಮೆ ರಸ್ತೆ ಪಾಲು.

"ಸೈಕಲಿಗೆ ಜಾಗ ಉಂಟು," ಎಂದರು. "ನಾನೆಲ್ಲಿ ನಡೆಯುವುದು?"

ಗೆರೆ ಖಾಯಮಾದರೆ ಅವರಿಗೆ ಗುಡ್ಡೆಯ ವ್ಯಾಪಾರವೇ ಇಲ್ಲ. ಅದನ್ನು ತಪ್ಪಿಸಿದವಳು ಸಹಿ ಸಂಗ್ರಹಿಸಿದ ನಾನು. ಆದರೂ ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. ಗೆರೆ ದಾಟಿ, ಪೊಲೀಸರು ಬಂದರೆ ಬರಲಿ ಎಂದು, ನಮ್ಮ ಗೇಟಿನವರೆಗೂ ನೂಕಿದೆ. ಅವರು ಹಿಂದಿನಿಂದ ಕೈ ಕೊಟ್ಟರು. ಗೇಟು ಮುಟ್ಟಿದಾಗ ಸೈಕಲಿಗೆ ಒರಗಿಬಿಟ್ಟೆ. ಉಸಿರು ಸಿಗುತ್ತಿಲ್ಲ, ಬಾಯಲ್ಲಿ ಪಸೆ ಇಲ್ಲ. ಅವರು ಏನೋ ಕೇಳಿದರು. "ಹೌದು" ಎಂದೆ. ಅದಕ್ಕಿಂತ ಉದ್ದದ ಮಾತು ಹೊರಡಲಿಲ್ಲ.

ಒಂಬತ್ತು ವರ್ಷ ಅವರು ನಮ್ಮ ಗೇಟಿನಲ್ಲಿ ಯಾಕೆ ನಿಲ್ಲುತ್ತಿದ್ದರು ಎಂದು ಆಗ ಗೊತ್ತಾಯಿತು.

ಸಭೆ ನಮ್ಮ ಶಾಲೆಯ ಒಂದು ಕೋಣೆಯಲ್ಲೇ ನಡೆಯಿತು. ಮಕ್ಕಳ ಬೆಂಚಿನಲ್ಲಿ ಗುಡ್ಡೆಯ ಹಿರಿಯರೆಲ್ಲ ಮೊಣಕಾಲು ಮಡಚಿ ಕೂತಿದ್ದರು. ನಾನು ಎದ್ದು, ನನ್ನ ಲೆಕ್ಕ ತಪ್ಪು, ಸೈಕಲನ್ನು ಅಳೆದೆ, ಮನುಷ್ಯನನ್ನು ಬಿಟ್ಟೆ ಎಂದೆ. ಗಣಿತದ ಟೀಚರ ಬಾಯಲ್ಲಿ ಅದನ್ನು ಕೇಳಿ ಕೆಲವರಿಗೆ ಬಹಳ ಖುಷಿಯಾಯಿತು. ತಂದೆ ಮೆಲ್ಲಗೆ, "ಸಾಕು ಮಾರಾಯ್ತಿ, ಕೂತ್ಕೋ" ಎಂದರು. ಕೂರಲಿಲ್ಲ. ಮೀನಿನವರನ್ನು ಸೈಕಲಿನೊಂದಿಗೆ ಕೋಣೆಯೊಳಗೇ ಕರೆಸಿ, ಅವರು ಪಕ್ಕದಲ್ಲಿ ನಿಂತಂತೆಯೇ ಟೇಪು ಹಿಡಿದೆ. ನಾಲ್ಕಡಿ. ಇಂಜಿನಿಯರು ತಾವೇ ಬಗ್ಗಿ ಇನ್ನೊಮ್ಮೆ ನೋಡಿದರು. ರಸ್ತೆಯಲ್ಲಿ ಅಷ್ಟು ಜಾಗವಿರಲಿಲ್ಲ. ಚರಂಡಿಗೆ ಚಪ್ಪಡಿ ಹಾಸಿ ಅಗಲ ಮಾಡುವುದು, ಅಲ್ಲಿಯವರೆಗೆ ಗೆರೆ ಬೇಡ ಎಂದು ಬರೆದುಕೊಂಡರು. ಚಪ್ಪಡಿ ಬೀಳಲು ಒಂದು ಮಳೆಗಾಲ ಕಳೆಯಬೇಕಾಯಿತು, ಆದರೆ ಬಿತ್ತು.

ಸಭೆಯ ಮರುದಿನ ಬೆಳಿಗ್ಗೆ ಹಾರ್ನ್ ಕೇಳಿತು. ಪಾತ್ರೆಯ ಜೊತೆ ಒಂದು ಚೊಂಬು ನೀರೂ ಹಿಡಿದು ಹೋದೆ. ಅವರು ಒರಗಿ ನಿಂತು ನಿಧಾನಕ್ಕೆ ಕುಡಿದರು. ಅಷ್ಟು ಹೊತ್ತೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಚೊಂಬು ವಾಪಸು ಕೊಟ್ಟು, ಉಸಿರು ಸರಿಯಾದ ಮೇಲೆ, ಅವರೇ ಕೇಳಿದರು.

"ಎಂತ ಟೀಚರೇ, ಇವತ್ತು ಕೇಳ್ಲಿಕ್ಕೆ ಎಂತದ್ದೂ ಇಲ್ವಾ?"